ಜಾಣಕಿವುಡು

ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಗೋಡೆಯೊಂದೇ ಅಡ್ಡವಾಗಿ, ಕಿವಿ ಪರೀಕ್ಷೆಯ ಕೋಣೆಯಿತ್ತು. ಎಲ್ಲಕ್ಕಿಂತ ಸದ್ದು ಕಡಿಮೆ ಇರಬೇಕಾದ ಕೋಣೆಯನ್ನು ಎಲ್ಲಕ್ಕಿಂತ ಗಲಾಟೆಯ ಕೋಣೆಯ ಮಗ್ಗುಲಿಗೆ ತಂದಿಟ್ಟ ಪುಣ್ಯಾತ್ಮ ಯಾರೆಂದು ಅಲ್ಲಿ ಕೆಲಸ ಮಾಡುವ ಹೆಂಗಸು ಹನ್ನೆರಡು ವರ್ಷಗಳಿಂದ ವಿಚಾರಿಸುತ್ತಲೇ ಇದ್ದಳು. ಉತ್ತರ ಸಿಕ್ಕಿರಲಿಲ್ಲ. ಮಕ್ಕಳು ಅವಳನ್ನು ಕಿವಿ ಅಕ್ಕ ಎನ್ನುತ್ತಿದ್ದರು. ನೋಡನೋಡುತ್ತ ನರ್ಸುಗಳೂ ಡಾಕ್ಟರುಗಳೂ ಅದನ್ನೇ ಹಿಡಿದು, ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಬಾಗಿಲು ತಟ್ಟದೆ ಒಬ್ಬ ಹೆಂಗಸು ಒಳಗೆ ಬಂದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಅಂಗಡಿಯಿಂದ ಎದ್ದು ಬರುವಾಗ ತೆಗೆದಿಡಲು ಮರೆತಿದ್ದಳು. ಅವಳು ದರ್ಜಿ. ನಾಲ್ಕನೇ ಮಹಡಿಯ ವಾರ್ಡಿನಲ್ಲಿದ್ದ ಏಳು ವರ್ಷದ ಹುಡುಗಿಯ ತಾಯಿ. ಆ ಹುಡುಗಿಯನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ದರ್ಜಿ ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲೆ ಇಟ್ಟು, ಅದರ ಒಂದು ಸಾಲಿನ ಮೇಲೆ ಬೆರಳೂರಿದಳು.

"ಇಲ್ಲಿ ಕಿವಿ ಸಹಜ ಅಂತಿದೆ. ಕೆಳಗೆ ನಿಮ್ಮ ಸಹಿ ಇದೆ. ನನ್ನ ಮಗಳಿಗೆ ಕೇಳಿಸ್ತಿಲ್ಲ. ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳ್ತಿದೀವಿ. ನಾನಂತೂ ಅಲ್ಲ."

ಕಿವಿ ಅಕ್ಕ ಕಾಗದ ನೋಡಿದಳು. ಸಹಿ ಅವಳದೇ. ಅದು ಹೇಗೆ ಅಲ್ಲಿ ಬಂತೆಂಬುದನ್ನು ಮೊದಲು ಹೇಳಬೇಕು.

ಆ ಆಸ್ಪತ್ರೆಯಲ್ಲಿ ಒಂದೂವರೆ ವರ್ಷದಿಂದ ಹೊಸ ಔಷಧಿಯೊಂದರ ಪ್ರಯೋಗ ನಡೆಯುತ್ತಿತ್ತು. ಮಕ್ಕಳ ಶ್ವಾಸಕೋಶಕ್ಕೆ ತಗಲುವ ಒಂದು ಸೋಂಕು, ಮಾಮೂಲಿ ಮಾತ್ರೆಗಳಿಗೆ ಬಗ್ಗುತ್ತಿರಲಿಲ್ಲ. ಹಿಂದೆಲ್ಲ ಅದು ಬಂದ ಹತ್ತು ಮಕ್ಕಳಲ್ಲಿ ನಾಲ್ಕು ಮಕ್ಕಳು ಮನೆಗೆ ಮರಳುತ್ತಿರಲಿಲ್ಲ. ಹೊಸ ಇಂಜೆಕ್ಷನ್ನು ದಿನಕ್ಕೊಂದರಂತೆ ಆರು ತಿಂಗಳು. ನಲವತ್ತೊಂದು ಮಕ್ಕಳನ್ನು ಅದಕ್ಕೆ ಸೇರಿಸಿಕೊಂಡಿದ್ದರು. ಅವರಲ್ಲಿ ಒಂದು ಮಗುವನ್ನು ಬಿಟ್ಟು ಉಳಿದವರೆಲ್ಲ ಉಳಿದಿದ್ದರು. ಕೆಮ್ಮಿ ಕೆಮ್ಮಿ ಎಲುಬಿನ ಗೂಡಾಗಿದ್ದವರು ಎರಡು ತಿಂಗಳಲ್ಲಿ ಕೆನ್ನೆ ತುಂಬಿಕೊಂಡು ವಾರ್ಡಿನಲ್ಲಿ ಓಡಾಡತೊಡಗಿದರು. ಪ್ರಯೋಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಅವರು ಹನ್ನೊಂದು ವರ್ಷ ಆ ರೋಗದ ಬೆನ್ನು ಬಿದ್ದಿದ್ದವರು. ಮಕ್ಕಳು ಓಡಾಡುವುದನ್ನು ಕಂಡು ಅವರು ವಾರ್ಡಿನ ಬಾಗಿಲಲ್ಲೇ ನಿಂತು ಕನ್ನಡಕ ಒರೆಸಿಕೊಂಡದ್ದನ್ನು ನರ್ಸುಗಳು ನೋಡಿದ್ದರು.

ಈ ಜಾತಿಯ ಔಷಧಿಗಳು ಕೆಲವರ ಕಿವಿಯ ಒಳಭಾಗವನ್ನು ಸುಡುತ್ತವೆ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಹಾಗಾಗಿ ಪ್ರತಿ ಮಗುವಿನ ಕಿವಿಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂಬ ನಿಯಮವಿತ್ತು. ಮಕ್ಕಳು ಸ್ಪಂಜು ಹೊದಿಸಿದ ಸಣ್ಣ ಡಬ್ಬದಂಥ ಕೋಣೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಪ್ರತಿ ಸ್ವರ ಕೇಳಿದಾಗಲೂ ಮರದ ಗೂಟಕ್ಕೆ ಒಂದು ಬಣ್ಣದ ಬಳೆ ಹಾಕಬೇಕು. ಕಿವಿ ಅಕ್ಕನಿಗೆ ಕೊಟ್ಟಿದ್ದ ನಮೂನೆಯಲ್ಲಿ ನಾಲ್ಕು ಖಾನೆಗಳಿದ್ದವು; ದಪ್ಪ ಸ್ವರದಿಂದ ಮಧ್ಯಮ ಸ್ವರದವರೆಗೆ ನಾಲ್ಕು. ಆ ನಾಲ್ಕೂ ಕೇಳಿದರೆ 'ಸಹಜ' ಎಂದು ಗುರುತು ಹಾಕಿ ಸಹಿ ಮಾಡಬೇಕು. ಆದರೆ ಔಷಧಿ ಮೊದಲು ಸುಡುವುದು ಆ ನಾಲ್ಕನ್ನಲ್ಲ. ಅದಕ್ಕೂ ಮೇಲಿನ, ಸೀಟಿಯಂಥ ಸಣ್ಣ ಸ್ವರಗಳನ್ನು. ಅವುಗಳಿಗೆ ಖಾನೆಯೇ ಇರಲಿಲ್ಲ. ಅವಳು ಅವನ್ನೂ ಪರೀಕ್ಷಿಸಿ, ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ನಕ್ಷೆ ಬರೆದು, ಎಲ್ಲಿ ಗೆರೆ ಕುಸಿದಿದೆಯೋ ಅಲ್ಲಿ ಸುತ್ತು ಹಾಕಿ ಮೇಲಕ್ಕೆ ಕಳಿಸುತ್ತಿದ್ದಳು. ಮೇಲೆ ಯಾರೋ ನೋಡುತ್ತಾರೆ ಎಂದು ನಂಬಿದ್ದಳು. ತನಗೊಂದು ಪ್ರತಿ ಇರಲೆಂದು ಎರಡೂ ಬದಿಯನ್ನು ನಕಲು ಮಾಡಿ ತನ್ನ ಡ್ರಾಯರಿನಲ್ಲಿಯೂ ಇಟ್ಟುಕೊಳ್ಳುತ್ತಿದ್ದಳು.

ಇಷ್ಟನ್ನೂ ಅವಳು ದರ್ಜಿಗೆ ಹೇಳಲಿಲ್ಲ. ಮಗುವನ್ನು ಕರೆದುಕೊಂಡು ಬನ್ನಿ, ಈಗಲೇ ನೋಡೋಣ ಎಂದಳು.

ಗುಬ್ಬಿ ಬಂದು ಕೂತಳು. ದಪ್ಪ ಸ್ವರಗಳಿಗೆ ಚಕಚಕನೆ ಬಳೆ ಹಾಕಿದಳು. ಸ್ವರ ಏರುತ್ತ ಹೋದಂತೆ ಅವಳ ಕೈ ನಿಧಾನವಾಯಿತು. ಆಮೇಲೆ ಬಳೆ ಹಿಡಿದ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಆಟ ಮುಗಿಯಿತೇ ಎಂಬಂತೆ ಅವಳು ಗಾಜಿನಾಚೆ ನೋಡಿದಳು. ಯಂತ್ರ ಆಗಲೂ ಸ್ವರ ಕಳಿಸುತ್ತಲೇ ಇತ್ತು. ಕಿವಿ ಅಕ್ಕ ಯಂತ್ರ ನಿಲ್ಲಿಸಿ ಒಳಗೆ ಹೋಗಿ, ತನ್ನ ಬಾಯಿಗೆ ಒಂದು ರಟ್ಟು ಅಡ್ಡ ಹಿಡಿದು, ತಾನು ಹೇಳಿದ ಪದವನ್ನು ತಿರುಗಿ ಹೇಳು ಎಂದಳು.

ಸರ ಎಂದರೆ ಹುಡುಗಿ ಮರ ಎಂದಳು. ಶಾಲೆ ಎಂದರೆ ಮಾಲೆ. ಸೊಪ್ಪು ಎಂದರೆ ಉಪ್ಪು. ಸಕ್ಕರೆ ಎಂದಾಗ ಮುಖ ಅರಳಿಸಿಕೊಂಡು ಅಕ್ಕರೆ ಎಂದಳು. ರಟ್ಟು ತೆಗೆದು, ತುಟಿ ಕಾಣುವಂತೆ ಹೇಳಿದರೆ ಎಲ್ಲವೂ ಸರಿಯಾಗುತ್ತಿತ್ತು.

ಬಾಗಿಲ ಬಳಿ ನಿಂತಿದ್ದ ದರ್ಜಿ ಎಲ್ಲವನ್ನೂ ನೋಡಿದಳು. ಅಳಲಿಲ್ಲ. ಮೂರನೇ ತಿಂಗಳಿಂದಲೇ ತನಗೆ ಗೊತ್ತಿತ್ತು ಎಂದಳು. ವಾರ್ಡಿನಲ್ಲಿ ಎಲ್ಲರೂ ಮಾಸ್ಕು ಹಾಕಿಕೊಂಡೇ ಮಾತಾಡುತ್ತಾರೆ; ಮಗುವನ್ನು ಒಂದು ಕೇಳಿದರೆ ಇನ್ನೊಂದು ಹೇಳುತ್ತದೆ. ಆಯಾಗಳು ಅದನ್ನೇ ತಮಾಷೆ ಮಾಡಿಕೊಂಡಿದ್ದಾರೆ. ನೀರು ಬೇಕಾ ಎಂದು ಗುಬ್ಬಿಯ ಬೆನ್ನ ಹಿಂದೆ ಕೇಳುವುದು, ಅವಳು ತಿರುಗದಿದ್ದರೆ ಜಾಣಕಿವುಡು ಎಂದು ನಗುವುದು. ಬೇಕಾದ್ದು ಮಾತ್ರ ಕೇಳುತ್ತೆ ನಿಮ್ಮ ಮಗಳಿಗೆ, ಭಾರಿ ಚಾಲಾಕಿ ಎಂದು ಒಬ್ಬಳು ಹೇಳಿದ್ದಳಂತೆ. ದರ್ಜಿ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರಿಗೆ ಎರಡು ಸಲ ಹೇಳಿದಳು. ಅವರು ಮಗುವಿನ ತಲೆ ಸವರಿ, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರೆ ಮಕ್ಕಳು ಹಟ ಕಲಿಯುತ್ತವೆ ಎಂದರು. ಅವರ ಬೆನ್ನ ಹಿಂದೆ ಬಂದಿದ್ದ ಕಿರಿಯ ಡಾಕ್ಟರೊಬ್ಬ ಹಾಳೆಯಲ್ಲಿ ಏನೋ ಬರೆದುಕೊಂಡ. ಅವನು ಹೋದ ಮೇಲೆ ಅವಳು ಹಾಳೆ ಎತ್ತಿ ಓದಿದಳು. 'ತಾಯಿಯ ಅನಿಸಿಕೆ' ಎಂದು ಬರೆದಿತ್ತು.

"ಅನಿಸಿಕೆ," ಎಂದಳು ದರ್ಜಿ. "ಏಳು ವರ್ಷ ಅವಳ ಜತೆ ಮಾತಾಡಿದೀನಿ ನಾನು. ಅವರು ಏಳು ನಿಮಿಷ ಮಾತಾಡಿಲ್ಲ. ಅವರದ್ದು ಪರೀಕ್ಷೆ, ನನ್ನದು ಅನಿಸಿಕೆ."

ಕಿವಿ ಅಕ್ಕ ಆಗ ಡ್ರಾಯರ್ ಎಳೆದು ಹಳೆಯ ಹಾಳೆ ತೋರಿಸಿದಳು. ಗುಬ್ಬಿಯ ಮೂರನೇ ತಿಂಗಳ ಹಾಳೆ. ಮುಂಬದಿಯಲ್ಲಿ ಸಹಜ. ಹಿಂಬದಿಯಲ್ಲಿ ಪೆನ್ಸಿಲಿನ ಗೆರೆ ಬಾವಿಗೆ ಇಳಿದಂತೆ ಇಳಿದಿತ್ತು. ದರ್ಜಿ ಬಹಳ ಹೊತ್ತು ಅದನ್ನು ನೋಡಿದಳು. ಅಳತೆ ಬರೆಯುವವಳಿಗೆ ನಕ್ಷೆ ಓದಲು ಯಾರೂ ಕಲಿಸಬೇಕಾಗಿರಲಿಲ್ಲ.

"ಹಾಗಾದ್ರೆ ನಿಮಗೂ ಗೊತ್ತಿತ್ತು."

ಹೌದು ಎನ್ನುವುದು ಬಿಟ್ಟು ಕಿವಿ ಅಕ್ಕನಿಗೆ ಬೇರೆ ದಾರಿ ಇರಲಿಲ್ಲ. ಮೇಲೆ ಹೇಳಿದ್ದೆ, ಬರೆದು ಕಳಿಸಿದ್ದೆ ಎಂದು ಸೇರಿಸಿದಳು. ತನ್ನ ಮಾತು ತನಗೇ ಹುಳಿ ಹುಳಿ ಅನ್ನಿಸಿತು. ದರ್ಜಿ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದಳು.

ಆ ಮಧ್ಯಾಹ್ನ ಕಿವಿ ಅಕ್ಕ ಊಟ ಮಾಡಲಿಲ್ಲ. ಡ್ರಾಯರಿನಲ್ಲಿದ್ದ ಅಷ್ಟೂ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು, ಹಿಂಬದಿಗಳನ್ನು ಒಂದೊಂದಾಗಿ ನೋಡಿದಳು. ತಿಂಗಳಿಗೆ ಹದಿಮೂರು ಹದಿನಾಲ್ಕು ಮಕ್ಕಳು ಬರುವಾಗ ಬಿಡಿಬಿಡಿಯಾಗಿ ಕಂಡದ್ದು ಈಗ ಒಟ್ಟಿಗೆ ಕಂಡಿತು. ಒಂಬತ್ತು ಮಕ್ಕಳು. ನಲವತ್ತೊಂದರಲ್ಲಿ ಒಂಬತ್ತು. ಅವರಲ್ಲಿ ಆರು ಮಕ್ಕಳು ಆಗಲೇ ಆರು ತಿಂಗಳು ಮುಗಿಸಿ, ಹಾರ ಹಾಕಿಸಿಕೊಂಡು ಫೋಟೊ ತೆಗೆಸಿಕೊಂಡು ಮನೆಗೆ ಹೋಗಿದ್ದರು. ಮೂವರಿಗೆ ಇಂಜೆಕ್ಷನ್ನು ಇನ್ನೂ ನಡೆಯುತ್ತಿತ್ತು. ಆ ಮೂವರಲ್ಲಿ ಗುಬ್ಬಿಯೂ ಒಬ್ಬಳು.

ಅವಳು ಎರಡನೇ ಮಹಡಿಯ ಪ್ರಯೋಗದ ಕಚೇರಿಗೆ ಹೋದಳು. ಅಲ್ಲಿನ ಟೈಪಿಸ್ಟು ದೊಡ್ಡ ವರದಿಯ ಕೋಷ್ಟಕಗಳನ್ನು ಸಿದ್ಧಪಡಿಸುತ್ತಿದ್ದ. ಶ್ರವಣದೋಷ ಎಂಬ ಸಾಲಿನ ಎದುರು ಸೊನ್ನೆ ಇತ್ತು. ಇದು ಎಲ್ಲಿಂದ ಬಂತು ಎಂದು ಕೇಳಿದರೆ ನಿಮ್ಮ ಹಾಳೆಗಳಿಂದಲೇ ಎಂದ. ಹಿಂಬದಿ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಕಪಾಟು ತೆಗೆದು ತೋರಿಸಿದ. ಹಾಳೆಗಳು ಕಡತದಲ್ಲಿ ನೀಟಾಗಿ ಕೂತಿದ್ದವು, ಒಂದೂ ಮಗುಚಿರಲಿಲ್ಲ. ನಾವು ಖಾನೆಯಲ್ಲಿದ್ದದ್ದು ಮಾತ್ರ ಹೊಡೆಯೋದು ಮೇಡಂ, ಹಿಂದೆ ಬರೆದದ್ದು ನಿಮ್ಮ ಲೆಕ್ಕದ ಗೀಚು ಅಂದುಕೊಂಡಿದ್ವಿ ಎಂದು ಅವನು ಪಾಪದ ದನಿಯಲ್ಲಿ ಹೇಳಿದ.

ಅವಳಿಗೆ ಸಿಟ್ಟು ಬಂತು. ಅವನ ಮೇಲಲ್ಲ. ಪ್ರಯೋಗದ ಎರಡನೇ ತಿಂಗಳಲ್ಲಿ ಮೊದಲ ಮಗುವಿನ ಗೆರೆ ಕುಸಿದಾಗ ಅವಳೇ ಖುದ್ದಾಗಿ ದೊಡ್ಡ ಡಾಕ್ಟರ ಬಳಿ ಹೋಗಿ ಹೇಳಿದ್ದಳು. ಅವರು ಕತ್ತೆತ್ತದೆ, ಖಾನೆ ಇಲ್ಲದ್ದನ್ನು ತುಂಬಬೇಡಿ, ಗೊಂದಲವಾಗುತ್ತೆ ಎಂದಿದ್ದರು. ಅಂದು ಅವಳು ಸರಿ ಸರ್ ಎಂದು ಬಂದಿದ್ದಳು.

ದೊಡ್ಡ ಡಾಕ್ಟರ ಕೋಣೆಯಲ್ಲಿ ಅವಳು ಕೂರಲಿಲ್ಲ. ಒಂಬತ್ತು ಹಾಳೆಗಳನ್ನು ಹಿಂಬದಿ ಮೇಲಾಗಿ ಅವರ ಮುಂದೆ ಇಟ್ಟಳು. ಅವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಉಳಿದವನ್ನು ನೋಡಲಿಲ್ಲ. ನೋಡುವ ಅಗತ್ಯವಿಲ್ಲ ಎಂಬುದು ಅವಳಿಗೆ ತಿಳಿಯಿತು. ಅವರಿಗೆ ಹೊಸ ಸುದ್ದಿಯೇನೂ ಅಲ್ಲ.

ಅವರು ಗದರಲಿಲ್ಲ. ಗದರಿದ್ದರೆ ಸುಲಭವಾಗುತ್ತಿತ್ತು. ಸಮಾಧಾನವಾಗಿ ತಿಳಿಸಿ ಹೇಳಿದರು. ಮಾತಿಗೆ ಬೇಕಾದ ಮುಖ್ಯ ಸ್ವರಗಳು ಉಳಿದರೆ ಅದನ್ನು ದೋಷವೆಂದು ಎಣಿಸಬೇಕಿಲ್ಲ ಎಂದು ಪ್ರಯೋಗದ ಆರಂಭದಲ್ಲೇ ನಿರ್ಧಾರವಾಗಿತ್ತು. ವರದಿ ಮೂರು ತಿಂಗಳಲ್ಲಿ ಹೋಗುತ್ತದೆ. ಅನುಮತಿ ಸಿಕ್ಕರೆ ಔಷಧಿ ಎಲ್ಲ ಕಡೆ ಸಿಗುತ್ತದೆ. ಈಗ ಕಿವಿ ಎಂದು ಒಂದು ಸೊಲ್ಲು ಎದ್ದರೆ ತಂದೆತಾಯಿಗಳು ಇಂಜೆಕ್ಷನ್ನು ಬಿಡಿಸುತ್ತಾರೆ, ಮಕ್ಕಳು ಸಾಯುತ್ತವೆ. ಅನುಮತಿಯ ನಂತರ ಕಿವಿಯದ್ದೇ ಬೇರೆ ಅಧ್ಯಯನ ಮಾಡೋಣ, ನಿಮ್ಮ ಹೆಸರೂ ಹಾಕೋಣ ಎಂದರು.

"ಮೂರು ತಿಂಗಳು ಅಂದ್ರೆ ತೊಂಬತ್ತು ಇಂಜೆಕ್ಷನ್ ಸರ್," ಎಂದಳು. "ಒಂದೊಂದಕ್ಕೂ ಒಂದಿಷ್ಟು ಸುಡುತ್ತೆ. ಸುಟ್ಟಿದ್ದು ವಾಪಸ್ ಬರಲ್ಲ."

"ನೋಡಮ್ಮ," ಎಂದರು ದೊಡ್ಡ ಡಾಕ್ಟರು. "ಈ ಔಷಧಿ ಬರೋಕೆ ಮುಂಚೆ ಆ ವಾರ್ಡಿಂದ ಎಷ್ಟು ಮಕ್ಕಳನ್ನ ಬಿಳಿ ಬಟ್ಟೇಲಿ ಕಳಿಸಿದೀನಿ ಅಂತ ನಿಮಗೆ ಗೊತ್ತಿಲ್ಲ. ನನಗೆ ಪ್ರತಿಯೊಂದೂ ನೆನಪಿದೆ. ಸತ್ತ ಮಗುವಿಗೆ ಒಳ್ಳೇ ಕಿವಿ ಇದ್ದು ಏನು ಪ್ರಯೋಜನ ಹೇಳಿ?"

ಅವಳು ಹಾಳೆಗಳನ್ನು ಬಾಚಿಕೊಂಡು ಹೊರಗೆ ಬಂದಳು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಎಲ್ಲೋ ಏನೋ ತಪ್ಪಿತ್ತು. ಅದು ಏನೆಂದು ಬೆರಳಿಟ್ಟು ತೋರಿಸಲು ಆಗದ ಸಿಟ್ಟಿನಲ್ಲಿ ಅವಳು ನಾಲ್ಕನೇ ಮಹಡಿಗೆ ಹತ್ತಿ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ದರ್ಜಿಯ ಪಕ್ಕ ಕೂತಳು. ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ನಿಯಮದ ಪ್ರಕಾರ ಅದು ಹೇಳಬಾರದ ಮಾತು.

ದರ್ಜಿ ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮಗು ಬದುಕಬೇಕೋ, ಕಿವಿ ಉಳೀಬೇಕೋ ಅಂತ ನನ್ನನ್ನ ಕೇಳಿದ್ದಿದ್ರೆ, ಬದುಕಲಿ ಅಂತಲೇ ಅಂತಿದ್ದೆ," ಎಂದಳು. "ಯಾವ ತಾಯಿನಾದ್ರೂ ಅದನ್ನೇ ಅಂತಾಳೆ. ಆದ್ರೆ ಕೇಳ್ಲೇ ಇಲ್ವಲ್ಲ ಅಕ್ಕ. ನಾನೇ ಹೋಗಿ ಹೇಳಿದಾಗಲೂ ಕೇಳಿಸ್ಕೊಳ್ಲಿಲ್ಲ. ಜಾಣಕಿವುಡು ಯಾರದ್ದು? ನನ್ನ ಮಗಳದ್ದಾ?"

ಇಡೀ ದಿನದಲ್ಲಿ ಅವಳು ಕಿವಿ ಅಕ್ಕನನ್ನು ಅಕ್ಕ ಎಂದದ್ದು ಅದೇ ಮೊದಲು.

ಮರುದಿನ ದರ್ಜಿ, ಪ್ರಯೋಗಕ್ಕೆ ಸೇರಿಸುವಾಗ ಕೊಟ್ಟಿದ್ದ ಒಪ್ಪಿಗೆ ಪತ್ರವನ್ನು ತಂದಳು. ಹದಿನಾಲ್ಕು ಪುಟ. ಕೊನೆಯ ಪುಟದ ಕೆಳಗೆ ಇರುವೆಯಂಥ ಅಕ್ಷರದಲ್ಲಿ, ಪ್ರಯೋಗಗಳ ಮೇಲೆ ಕಣ್ಣಿಡಲು ಒಂದು ಸಮಿತಿ ಇದೆಯೆಂದೂ ತಂದೆತಾಯಿಗಳು ಅದಕ್ಕೆ ನೇರವಾಗಿ ದೂರು ಕೊಡಬಹುದೆಂದೂ ಬರೆದಿತ್ತು. ಸೂಜಿಯ ಕಣ್ಣಿಗೆ ದಾರ ಪೋಣಿಸುವವಳ ಕಣ್ಣಿಗೆ ಅದು ಬಿದ್ದಿತ್ತು. ಇಬ್ಬರೂ ಕೂತು ದೂರು ಬರೆದರು. ಕಿವಿ ಅಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. ಉಳಿದ ಎಂಟು ಮನೆಗಳಿಗೂ ಫೋನು ಮಾಡಿ, ಮಗುವನ್ನು ಮತ್ತೊಮ್ಮೆ ಕರೆತನ್ನಿ, ನಾನು ತಪ್ಪು ಬರೆದಿದ್ದೇನೆ ಎಂದಳು. ತಪ್ಪು ಎಂಬ ಪದವನ್ನು ಅವಳು ಬೇಕೆಂದೇ ಬಳಸಿದಳು. ಒಂದು ಮನೆಯಲ್ಲಿ ತಂದೆ, ನಮ್ಮ ಹುಡುಗ ಶಾಲೆಯಲ್ಲಿ ಗಮನ ಕೊಡುವುದಿಲ್ಲ ಎಂದು ಎರಡು ತಿಂಗಳಿಂದ ಹೊಡೆಯುತ್ತಿದ್ದೇನೆ ಎಂದು ಹೇಳಿ ಫೋನಿಟ್ಟ.

ಎಂಟು ಮನೆಯವರೂ ಬಂದರು. ದೂರಿಗೆ ಒಂಬತ್ತು ಸಹಿಗಳಾದವು. ವಾರದೊಳಗೆ ಕಿವಿ ಅಕ್ಕನ ಕೈಗೆ, ಮುಂದಿನ ಆದೇಶದವರೆಗೆ ಕೆಲಸಕ್ಕೆ ಬರಬೇಡಿ ಎಂಬ ಪತ್ರ ಬಂತು. ಗೌಪ್ಯ ಮಾಹಿತಿ ಹೊರಗೆ ಹಾಕಿದ್ದು ಕಾರಣ. ಮನೆಯಲ್ಲಿ ಅವಳ ಗಂಡ ಪತ್ರ ಓದಿ, ಹನ್ನೆರಡು ವರ್ಷ ಒಗೆಯೋ ಯಂತ್ರದ ಗಲಾಟೆ ಕೇಳಿದ್ದೀಯ, ಈಗಲಾದರೂ ಸ್ವಲ್ಪ ದಿನ ನಿಶ್ಶಬ್ದ ಕೇಳು ಎಂದ. ಅವಳಿಗೆ ನಗು ಬರಲಿಲ್ಲ. ಅವನು ನಗಿಸಲು ಹೇಳಿರಲೂ ಇಲ್ಲ. ಅವಳ ತಟ್ಟೆಗೆ ಅನ್ನ ಬಡಿಸಿ ಎದುರಿಗೆ ಕೂತುಕೊಂಡ.

ಸಮಿತಿ ಸೇರಿದ್ದು ಇಪ್ಪತ್ತು ದಿನಗಳ ನಂತರ. ಆ ಇಪ್ಪತ್ತು ದಿನಗಳೂ ಇಂಜೆಕ್ಷನ್ನು ನಡೆಯಿತು. ದರ್ಜಿ ಪ್ರತಿದಿನ ಮಗಳ ತೊಡೆಗೆ ಸೂಜಿ ಇಳಿಯುವುದನ್ನು ನೋಡುತ್ತ ನಿಂತಳು. ಬೇಡ ಎಂದರೆ ಕೆಮ್ಮು ಮರಳುತ್ತದೆ, ಹೂಂ ಎಂದರೆ ಕಿವಿ ಹೋಗುತ್ತದೆ. ನರ್ಸು ಹತ್ತಿಯನ್ನು ಒತ್ತಿ ಹಿಡಿಯುವಾಗ ಅವಳು ಹಲ್ಲು ಕಚ್ಚುವ ಸದ್ದು ಪಕ್ಕದ ಮಂಚಕ್ಕೂ ಕೇಳುತ್ತಿತ್ತು.

ಸಭೆ ಉದ್ದನೆಯ ಮೇಜಿನ ಕೋಣೆಯಲ್ಲಿ. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಅವರ ಎಡಬಲಕ್ಕೆ ಆರು ಮಂದಿ ಸದಸ್ಯರು. ದೊಡ್ಡ ಡಾಕ್ಟರು ಪರದೆಯ ಮೇಲೆ ಕೋಷ್ಟಕಗಳನ್ನು ತೋರಿಸಿದರು. ಬದುಕಿದ ಮಕ್ಕಳ ಗೆರೆ ಎತ್ತರದಲ್ಲಿತ್ತು. ಹಳೆಯ ಮಾತ್ರೆಗಳ ಮಕ್ಕಳ ಗೆರೆ ಕೆಳಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಕೊನೆಯಲ್ಲಿ ಅವರು ಶ್ರವಣದೋಷದ ದೂರಿಗೆ ಬಂದು, ಇವು ತಾಯಂದಿರ ಅನಿಸಿಕೆಗಳು ಎಂದರು. ಬೇಕಿದ್ದರೆ ಆ ಹುಡುಗಿಯನ್ನು ಇಲ್ಲಿಗೇ ಕರೆಸಿ, ತಾವೇ ಮಾತಾಡಿಸಿ ನೋಡಿ, ಚೆನ್ನಾಗಿಯೇ ಉತ್ತರ ಕೊಡುತ್ತಾಳೆ ಎಂದೂ ಸೇರಿಸಿದರು.

ಸದಸ್ಯರಲ್ಲಿ ಒಬ್ಬರು ಅದು ಒಳ್ಳೆಯ ಸಲಹೆ ಎಂದರು. ದರ್ಜಿ ಎದ್ದು ನಿಂತಳು. ಮಾತಾಡಲು ಅನುಮತಿ ಕೇಳಲಿಲ್ಲ.

"ನನ್ನ ಮಗು ಇಲ್ಲಿಗೆ ಬರಲ್ಲ," ಎಂದಳು. "ಅವಳು ನಿಮ್ಮ ತುಟಿ ನೋಡಿ ಉತ್ತರ ಹೇಳ್ತಾಳೆ, ನೀವೆಲ್ಲ ಜಾಣೆ ಅಂತೀರ. ಎರಡು ತಿಂಗಳಿಂದ ಆ ವಾರ್ಡಲ್ಲಿ ಎಲ್ಲರೂ ಅವಳನ್ನ ಪರೀಕ್ಷೆ ಮಾಡಿ ನಕ್ಕಾಯ್ತು. ಪರೀಕ್ಷೆ ಆಗಿದೆ. ಕಾಗದದ ಮೇಲಿದೆ. ಒಂದು ಹಾಳೆ ಮಗುಚಿ ನೋಡೋಕೆ ನಿಮ್ಮ ಕೈಗೆ ಅಷ್ಟು ಭಾರ ಆಯ್ತಾ?"

ಅವಳ ದನಿ ಏರಿರಲಿಲ್ಲ. ಆದರೆ ಮೇಜಿನ ಮೇಲಿದ್ದ ನೀರಿನ ಲೋಟದತ್ತ ಕೈ ಚಾಚಿದ್ದ ಸದಸ್ಯರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಅಧ್ಯಕ್ಷೆ ಕಡತ ತರಿಸಿದರು. ಮೊದಲ ಹಾಳೆಯನ್ನು ಮಗುಚಿದರು. ಕಿವಿ ಅಕ್ಕ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವಳನ್ನು ಕರೆದು, ಈ ಗೆರೆ ಏನು, ಈ ಸುತ್ತು ಏನು ಎಂದು ವಿಚಾರಿಸಿದರು. ಅವಳು ಹೇಳಿದಳು. ಈ ಸ್ವರಗಳು ಹೋದರೆ ಸ, ಶ, ಚ, ತ ಮುಂತಾದ ಅಕ್ಷರಗಳು ಮಸುಕಾಗುತ್ತವೆ. ಮಗುವಿಗೆ ಮಾತು ಕೇಳುತ್ತದೆ, ಆದರೆ ತೂತು ಬಿದ್ದ ಬಟ್ಟೆಯಂತೆ ಕೇಳುತ್ತದೆ. ಇನ್ನೂ ಇಂಜೆಕ್ಷನ್ನು ಹೋದರೆ ತೂತು ಹಿಗ್ಗುತ್ತ ಹೋಗಿ ಒಂದು ದಿನ ಬಟ್ಟೆಯೇ ಇರುವುದಿಲ್ಲ. ಅಧ್ಯಕ್ಷೆ ಎರಡನೇ ಹಾಳೆ ಮಗುಚಿದರು. ಮೂರನೆಯದು. ಅವರು ಆತುರಪಡಲಿಲ್ಲ. ಇನ್ನೂರಕ್ಕೂ ಹೆಚ್ಚು ಹಾಳೆಗಳನ್ನು ಒಂದೊಂದಾಗಿ ಮಗುಚುವವರೆಗೆ ಕೋಣೆಯಲ್ಲಿ ಕಾಗದದ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ಕೊನೆಗೆ ಅವರು ದೊಡ್ಡ ಡಾಕ್ಟರತ್ತ ತಿರುಗಿ ಒಂದೇ ಪ್ರಶ್ನೆ ಕೇಳಿದರು. ಪ್ರಮಾಣ ಕಡಿಮೆ ಮಾಡಿದರೆ ಮಕ್ಕಳು ಸಾಯುತ್ತಾರೆ ಎಂದು ತಾವು ಪರೀಕ್ಷಿಸಿದ್ದೀರಾ, ಅಥವಾ ಅದು ತಮ್ಮ ಅನಿಸಿಕೆಯೇ?

ದೊಡ್ಡ ಡಾಕ್ಟರು ಕನ್ನಡಕ ತೆಗೆದರು. ಪರೀಕ್ಷಿಸಿಲ್ಲ ಎಂದರು. ಪ್ರಯೋಗಶಾಲೆಯಲ್ಲಿ ರಕ್ತದಲ್ಲಿ ಔಷಧಿ ಎಷ್ಟು ಉಳಿದಿದೆ ಎಂದು ಅಳೆಯುವ ವ್ಯವಸ್ಥೆ ಇದೆಯೇ ಎಂದು ಇನ್ನೊಬ್ಬ ಸದಸ್ಯರು ಕೇಳಿದರು. ಇದೆ ಎಂದರು. ಯಾಕೆ ಅಳೆಯಲಿಲ್ಲ ಎಂದರೆ, ಅದಕ್ಕೂ ನಮೂನೆಯಲ್ಲಿ ಖಾನೆ ಇರಲಿಲ್ಲ ಎಂದರು. ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಬಿದ್ದಿರಬೇಕು. ತಲೆ ತಗ್ಗಿಸಿದರು.

ಪ್ರಯೋಗ ನಿಲ್ಲಲಿಲ್ಲ. ನಿಲ್ಲಬೇಕೆಂದು ಒಂಬತ್ತು ಮನೆಗಳಲ್ಲಿ ಯಾರೂ ಕೇಳಿರಲೂ ಇಲ್ಲ. ಇಂಜೆಕ್ಷನ್ನು ದಿನಕ್ಕೊಂದರ ಬದಲು ವಾರಕ್ಕೆ ಮೂರಾಯಿತು. ರಕ್ತ ಅಳೆದು, ಮಗುವಿನ ಮೈಗೆ ತಕ್ಕಂತೆ ಕೊಡಬೇಕೆಂದಾಯಿತು. ಕಿವಿಯ ಗೆರೆ ಕುಸಿದವರನ್ನು ಬೇರೆ ಔಷಧಿಗೆ ಬದಲಾಯಿಸಬೇಕು, ಸೇರುವ ಮುಂಚೆ ತಂದೆತಾಯಿಗೆ ಕಿವಿಯ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು, ಓದಿ ಹೇಳಬೇಕು ಎಂದಾಯಿತು. ಸೊನ್ನೆಯಿದ್ದಲ್ಲಿ ಒಂಬತ್ತು ಬಂತು. ಮುಂದಿನ ವರ್ಷ ಸೇರಿದ ಮೂವತ್ತು ಮಕ್ಕಳಲ್ಲಿ ಇಬ್ಬರ ಗೆರೆ ಮಾತ್ರ ತುಸು ಬಾಗಿತು, ಅದೂ ಮೊದಲ ತಿಂಗಳಲ್ಲೇ ಕಂಡು ಔಷಧಿ ಬದಲಾಯಿತು. ಮೂವತ್ತರಲ್ಲಿ ಯಾರೂ ಸಾಯಲಿಲ್ಲ. ಅಷ್ಟು ದಿನ ಪ್ರಾಣ, ಕಿವಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು ಎಂದು ಹೇಳಿದ್ದೆಲ್ಲ ಯಾರೂ ಪರೀಕ್ಷಿಸದೆ ಇದ್ದ ಮಾತು.

ಆ ಸಂಖ್ಯೆ ನೋಡಿದ ದಿನ ಕಿವಿ ಅಕ್ಕನಿಗೆ ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು. ಇಷ್ಟು ಸುಲಭವಾಗಿದ್ದರೆ ಆ ಒಂಬತ್ತು ಮಕ್ಕಳ ಕಿವಿಯೂ ಉಳಿಯುತ್ತಿತ್ತಲ್ಲ ಎಂದುಕೊಂಡಳು. ಅವಳ ಕೆಲಸ ಸಮಿತಿ ಸೇರಿದ ಎರಡು ತಿಂಗಳಿಗೇ ಮರಳಿತ್ತು, ಎಚ್ಚರಿಕೆಯ ಪತ್ರದ ಜತೆಗೆ. ಹೊಸ ವರದಿಯ ಮೇಲೆ ಮೊದಲ ಹೆಸರು ದೊಡ್ಡ ಡಾಕ್ಟರದ್ದೇ. ಅವಳ ಹೆಸರನ್ನೂ ಹಾಕುತ್ತೇವೆ ಎಂದರು. ಬೇಡ ಎಂದಳು.

ಒಂದು ದಿನ ದೊಡ್ಡ ಡಾಕ್ಟರು ನೆಲಮಾಳಿಗೆಗೆ ಇಳಿದು ಬಂದರು. ಹನ್ನೆರಡು ವರ್ಷದಲ್ಲಿ ಅವರು ಆ ಕೋಣೆ ನೋಡಿಯೇ ಇರಲಿಲ್ಲ. ಪಕ್ಕದ ಯಂತ್ರಗಳ ಗುಡುಗು ಕೇಳಿ, ಇಲ್ಲಿ ಹೇಗೆ ಕೆಲಸ ಮಾಡುತ್ತೀರಿ ಎಂದರು. ಆಮೇಲೆ ತಮ್ಮಿಂದ ತಪ್ಪಾಯಿತು ಎಂದರು.

"ನನ್ನ ಹತ್ರ ಹೇಳಿ ಏನು ಮಾಡ್ತೀರ ಸರ್," ಎಂದಳು ಅವಳು. "ನಂದೂ ಅದರಲ್ಲಿ ಪಾಲಿದೆ. ಒಂಬತ್ತು ಮನೆ ಇದೆ. ಅಲ್ಲಿಗೆ ಹೋಗಿ."

ಅವರು ಒಂಬತ್ತು ಮನೆಗೂ ಹೋದರೋ ಇಲ್ಲವೋ ತಿಳಿಯದು. ದರ್ಜಿಯ ಅಂಗಡಿಗಂತೂ ಒಂದು ಭಾನುವಾರ ಸಂಜೆ ಹೋದರು. ಅಂದು ಕಿವಿ ಅಕ್ಕನೂ ಅಲ್ಲಿದ್ದಳು. ಗುಬ್ಬಿಯ ಕಿವಿಯ ಯಂತ್ರಗಳನ್ನು ಸರಿಹೊಂದಿಸಲು ಹೋಗಿದ್ದಳು. ಹುಡುಗಿಗೆ ಆ ಯಂತ್ರಗಳೆಂದರೆ ಆಗುತ್ತಿರಲಿಲ್ಲ. ಹಾಕಿದರೆ ಹೊಲಿಗೆ ಯಂತ್ರದ ಟಕಟಕ ತಲೆಯೊಳಗೇ ಕೂತಂತಾಗುತ್ತದೆ, ಅಪ್ಪ ಪೇಪರು ಮಡಿಸಿದರೂ ಬಡಿದಂತಾಗುತ್ತದೆ ಎಂದು ಕಿತ್ತು ಕಿತ್ತು ಎಸೆಯುತ್ತಿದ್ದಳು. ಅವಳಜ್ಜಿ ಅವನ್ನು ಹುಡುಕಿ ಹುಡುಕಿ ತಂದುಕೊಡುತ್ತಿದ್ದಳು.

ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತಾಗ ದರ್ಜಿ ಕೂರಿ ಎನ್ನಲಿಲ್ಲ. ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದಳು. ಅವರು ಅಲ್ಲೇ ನಿಂತು, ಬಂದ ವಿಷಯ ಹೇಳತೊಡಗಿದರು. ಅವಳು ಅರ್ಧಕ್ಕೆ ತಡೆದಳು.

"ನನಗಲ್ಲ. ಕಿವಿ ಹೋಗಿದ್ದು ಅವಳದ್ದು. ಅವಳಿಗೆ ಹೇಳಿ."

ಗುಬ್ಬಿ ನೆಲದ ಮೇಲೆ ಕೂತು ಬಟ್ಟೆಯ ಚೂರುಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತಿದ್ದಳು. ದೊಡ್ಡ ಡಾಕ್ಟರು ಮಂಡಿಯೂರಿ ಕೂತರು. ನೆಲವನ್ನೇ ನೋಡುತ್ತ ಏನೋ ಹೇಳಿದರು.

"ಮುಖ ಮೇಲೆ ಮಾಡಿ ಹೇಳಿ ಡಾಕ್ಟರ್ ಮಾಮ," ಎಂದಳು ಹುಡುಗಿ. "ಹಂಗೆ ಹೇಳಿದ್ರೆ ನಂಗೆ ಗೊತ್ತಾಗಲ್ಲ."

ಅವರು ಮುಖ ಎತ್ತಿದರು. ನಿನಗೆ ಕೇಳಿಸುತ್ತಿಲ್ಲ ಎಂದು ನಿನ್ನ ಅಮ್ಮ ನನಗೆ ಹೇಳಿದ್ದಳು, ನಾನು ನಂಬಲಿಲ್ಲ, ನನ್ನ ತಪ್ಪು ಎಂದು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು. ಹುಡುಗಿ ಅವರ ತುಟಿಗಳನ್ನೇ ನೋಡಿದಳು.

"ಅಮ್ಮ ಸುಳ್ಳು ಹೇಳಲ್ಲ," ಎಂದಳು. "ಯಾಕೆ ನಂಬಲಿಲ್ಲ?"

ದೊಡ್ಡ ಡಾಕ್ಟರ ಬಾಯಿ ತೆರೆಯಿತು, ಮುಚ್ಚಿತು. ಹುಡುಗಿ ಸ್ವಲ್ಪ ಹೊತ್ತು ಕಾದಳು. ಉತ್ತರ ಬಂದು, ತನಗೇ ಕೇಳಲಿಲ್ಲವೇನೋ ಎಂದು ಅನುಮಾನ ಬಂದಂತೆ ಅಮ್ಮನತ್ತ ನೋಡಿದಳು. ಅವರು ಏನೂ ಹೇಳಿಲ್ಲ ಎಂದು ದರ್ಜಿ ತಲೆಯಾಡಿಸಿ ತಿಳಿಸಿದಳು. ಹುಡುಗಿ ಮತ್ತೆ ಚೂರುಗಳತ್ತ ಬಾಗಿದಳು.

ಅವರು ಹೋದ ಮೇಲೆ ಕಿವಿ ಅಕ್ಕ, ಸಿಟ್ಟು ಇಳಿಯಿತಾ ಎಂದು ಕೇಳಿದಳು. ಅವರು ಬಂದಿದ್ದು ಒಳ್ಳೆಯದಾಯಿತು ಎಂದಳು ದರ್ಜಿ. ಸಿಟ್ಟಿನ ಮಾತು ಬೇರೆ ಎಂದು ಮತ್ತೆ ಯಂತ್ರ ತುಳಿದಳು.

ಸ್ವಲ್ಪ ಹೊತ್ತಿಗೆ ಬೀದಿಯ ಮಕ್ಕಳು ಕರೆದರೆಂದು ಗುಬ್ಬಿ ಎದ್ದು ಓಡಿದಳು. ದೂರ ಹೋಗಬೇಡ, ಬೇಗ ಬಾ ಎಂದು ದರ್ಜಿ ಕೂತಲ್ಲಿಂದಲೇ ಕೂಗಿದಳು. ಹುಡುಗಿ ತಿರುಗಿ ನೋಡಲಿಲ್ಲ. ಕೇಳಿಸಲಿಲ್ಲವೋ, ಆಟದ ಅವಸರಕ್ಕೆ ಕೇಳಿಯೂ ಓಡಿದಳೋ, ತಾಯಿಗೆ ತಿಳಿಯಲಿಲ್ಲ. ಮುಂದೆಯೂ ತಿಳಿಯುವುದಿಲ್ಲ. ಎಲ್ಲ ತಾಯಂದಿರಂತೆ ಬೈಯಲೂ ಆಗದ ಹಾಗೆ ಮಾಡಿಬಿಟ್ಟರು ಎಂದು ಅವಳು ಗೊಣಗಿ, ಹೊಲಿಯುತ್ತಿದ್ದ ಬಟ್ಟೆಯನ್ನು ಸೂಜಿಯ ಕೆಳಗೇ ಬಿಟ್ಟು, ಮಗಳ ಮುಂದೆ ಹೋಗಿ ನಿಂತು ಹೇಳಲು ಬೀದಿಗೆ ಇಳಿದಳು.